17 ದಿನದಲ್ಲಿ 11 ಸೇಲ್ಸ್‌ಮನ್‌ಗಳಿಗೆ ಆರ್ಡರ್ ಆ್ಯಪ್: ಆಗುತ್ತಾ, ಇಲ್ಲ ಮಾವನಿಗೆ ಕೈ ಮುಗಿದುಬಿಡಲಾ?

ಶರಾವತಿ_ಕೋಡರ್ · 5 ಸೆಪ್ಟೆಂಬರ್ 2025, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಆಮೇಲೆ ಬಯ್ಯಿರಿ.

ನಮ್ಮ ಮಾವನದ್ದು ಸಾಗರದಲ್ಲಿ ಡಿಸ್ಟ್ರಿಬ್ಯೂಷನ್. ಸೋಪು, ಪೇಸ್ಟು, ಬಿಸ್ಕತ್ತು, ತಲೆಗೆ ಹಚ್ಚುವ ಎಣ್ಣೆ, ಹೀಗೆ ನಾಲ್ಕು ಕಂಪನಿಯ ಮಾಲು. 11 ಜನ ಸೇಲ್ಸ್‌ಮನ್, ಸುಮಾರು 900 ಅಂಗಡಿ, 640 ಐಟಂ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಲೈನ್, ಅಂದರೆ ಹುಡುಗರು ಆರ್ಡರ್‌ಗೆ ಸುತ್ತುವ ದಾರಿ. ಈಗ ನಡೆಯುವುದು ಹೀಗೆ: ಹುಡುಗರು ಕಾರ್ಬನ್ ಹಾಕಿದ ಬುಕ್‌ನಲ್ಲಿ ಆರ್ಡರ್ ಬರೆಯುತ್ತಾರೆ. ಸಂಜೆ ನೆಟ್‌ವರ್ಕ್ ಸಿಗುವ ಕಡೆ ಬಂದು ಪುಟದ ಫೋಟೋ ಹೊಡೆದು ವಾಟ್ಸಾಪ್‌ಗೆ ಹಾಕುತ್ತಾರೆ. ಆಫೀಸಿನ ಅಕ್ಕ ರಾತ್ರಿ ಒಂಬತ್ತೂವರೆವರೆಗೆ ಕೂತು ಅದನ್ನೆಲ್ಲ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ಗೆ ಹೊಡೆಯುತ್ತಾರೆ. ಬೆಳಿಗ್ಗೆ ಏಳಕ್ಕೆ ಗಾಡಿ ಹೊರಡಬೇಕು.

ಮೊನ್ನೆ 3ನೇ ತಾರೀಖು ಜಿಎಸ್‌ಟಿ ಕೌನ್ಸಿಲ್ ದರ ಇಳಿಸಿತಲ್ಲ, 22ರಿಂದ ಜಾರಿ. ನಮ್ಮ ಮಾಲಿನಲ್ಲಿ ಅರ್ಧಕ್ಕಿಂತ ಜಾಸ್ತಿ 18 ಪರ್ಸೆಂಟ್‌ನಿಂದ 5ಕ್ಕೆ ಬಂತು. ರೇಟ್ ಪಟ್ಟಿ ಎಲ್ಲ ಬದಲು. ನಿನ್ನೆ ಊಟಕ್ಕೆ ಕೂತಾಗ ಮಾವ, "ನೀನು ಬೆಂಗ್ಳೂರಲ್ಲಿ ಅದೇ ಕೆಲ್ಸ ಅಲ್ವಾ ಮಾಡೋದು? ಹುಡುಗ್ರಿಗೆ ಒಂದು ಆ್ಯಪ್ ಮಾಡ್ಕೊಡು ಮಾರಾಯ, 22ಕ್ಕೆ ರೆಡಿ ಇರ್ಲಿ" ಎಂದರು. ಅತ್ತೆ ಆಗ ತಾನೇ ಹೋಳಿಗೆ ಬಡಿಸುತ್ತಿದ್ದರು. ಇಲ್ಲ ಅನ್ನಲಾಗಲಿಲ್ಲ.

ಮಾವನ ಪಟ್ಟಿ: ಆರ್ಡರ್, ಸ್ಟಾಕ್, ಸ್ಕೀಮ್, ಅಂಗಡಿ ಬಾಕಿ, ವಸೂಲಿ, ಸ್ಥಳದಲ್ಲೇ ಬಿಲ್ ಪ್ರಿಂಟ್, ಟಾರ್ಗೆಟ್, ಯಾರು ಎಲ್ಲಿದ್ದಾರೆ ಅಂತ ಜಿಪಿಎಸ್. ಎಲ್ಲ ಕನ್ನಡದಲ್ಲಿ. ನನಗೆ ಹಗಲು ನನ್ನ ಕೆಲಸ ಇದೆ. ರಾತ್ರಿ ಎರಡು ಗಂಟೆ, ಶನಿವಾರ, ಭಾನುವಾರ, ಅಷ್ಟೇ ಸಿಗುವುದು. ಏನು ಇಟ್ಟುಕೊಳ್ಳಲಿ, ಏನು ಬಿಡಲಿ?

ಬೆಣ್ಣೆದೋಸೆ_ಬಾಯ್ · 10:52

ಹೋಳಿಗೆಗೆ ಮಾರುಹೋದ ಮೊದಲ ಇಂಜಿನಿಯರ್ ನೀವಲ್ಲ.

ರೆಡಿಮೇಡ್_ರಾಯ · 11:05

ಮಾಡಬೇಡಿ. ದುಡ್ಡು ಕೊಟ್ಟರೆ ಇಂಥ ಆ್ಯಪ್ ಬೇಕಾದಷ್ಟು ಸಿಗುತ್ತವೆ. ತಿಂಗಳಿಗೆ ಒಬ್ಬರಿಗೆ ಇಷ್ಟು ಅಂತ ಕಟ್ಟಿದರಾಯಿತು. 17 ದಿನದಲ್ಲಿ ನೀವು ಮಾಡುವುದಕ್ಕಿಂತ ಅದು ಎಷ್ಟೋ ಮೇಲು. ಅಳಿಯ ಬರೆದ ಸಾಫ್ಟ್‌ವೇರ್ ಕೆಟ್ಟರೆ ಸಂಬಂಧವೂ ಕೆಡುತ್ತದೆ.

ಲೈನ್_ಹುಡುಗ · 11:20

ನಾನು ಆರು ವರ್ಷದಿಂದ ಲೈನ್ ಮಾಡುವವನು, ಹೇಳುತ್ತೇನೆ ಕೇಳಿ. ರೆಡಿಮೇಡ್ ಆ್ಯಪ್ ನಮ್ಮ ಹತ್ತಿರ ಈಗಾಗಲೇ ಎರಡಿವೆ. ಒಂದೊಂದು ಕಂಪನಿದು ಒಂದೊಂದು. ಎರಡೂ ಇಂಗ್ಲಿಷ್. ಒಂದು ಅಂಗಡಿಗೆ ಹೋದರೆ ಮೊದಲು ಲೊಕೇಶನ್ ತೋರಿಸು, ಶೆಲ್ಫ್ ಫೋಟೋ ಹೊಡಿ, ಕಾರಣ ಆಯ್ಕೆ ಮಾಡು, ಆಮೇಲೆ ಆರ್ಡರ್. ಅಷ್ಟರಲ್ಲಿ ಅಂಗಡಿಯವರು ಬೇರೆ ಗಿರಾಕಿಗೆ ಅಕ್ಕಿ ತೂಗುತ್ತಿರುತ್ತಾರೆ. ಹಾಗಾಗಿ ನಾವೆಲ್ಲ ಬುಕ್‌ನಲ್ಲಿ ಬರೆದುಕೊಂಡು ರಾತ್ರಿ ಮನೆಯಲ್ಲಿ ಕೂತು ಆ್ಯಪ್‌ಗೆ ತುಂಬುತ್ತೇವೆ. ಕೆಲಸ ಎರಡಾಯಿತು, ಸಂಬಳ ಒಂದೇ.

ನೀವು ಮಾಡುವುದಾದರೆ ಬುಕ್‌ಗಿಂತ ಬೇಗ ಆಗಬೇಕು. ಇಲ್ಲಾಂದರೆ ನಿಮ್ಮ ಮಾವನ ಎದುರಿಗೆ "ಚೆನ್ನಾಗಿದೆ ಸರ್" ಅಂತಾರೆ, ಲೈನಿಗೆ ಹೋದಾಗ ಬುಕ್ ತೆಗೆಯುತ್ತಾರೆ.

ಶರಾವತಿ_ಕೋಡರ್ · 11:31

ಬುಕ್‌ನಲ್ಲಿ ಒಂದು ಆರ್ಡರ್‌ಗೆ ಎಷ್ಟು ಹೊತ್ತು ಬೇಕು?

ಲೈನ್_ಹುಡುಗ · 11:33

20 ಐಟಂ ಇದ್ದರೆ ಮೂರು ನಾಲ್ಕು ನಿಮಿಷ. ಅದರಲ್ಲಿ ಎರಡು ನಿಮಿಷ ಮಳೆ ವಿಷಯ ಮಾತಾಡುವುದು.

ಲೆಕ್ಕದ_ಮೇಷ್ಟ್ರು · 6 ಸೆಪ್ಟೆಂಬರ್, ಬೆಳಿಗ್ಗೆ 7:15

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತೆರಿಗೆ ಲೆಕ್ಕವನ್ನು ಫೋನಿನ ಒಳಗೆ ಇಡಬೇಡಿ. ನೀವು "ರೇಟ್ ಬದಲಾಯಿತು, ಅದಕ್ಕೆ ಆ್ಯಪ್" ಎಂದು ಶುರು ಮಾಡಿದ್ದೀರಿ. ಆದರೆ ಆರ್ಡರ್‌ಗೆ ಜಿಎಸ್‌ಟಿ ಇಲ್ಲ, ಬಿಲ್‌ಗೆ ಇದೆ. 20ನೇ ತಾರೀಖು ಆರ್ಡರ್ ತೆಗೆದುಕೊಂಡು, 22ಕ್ಕೆ ಬಿಲ್ ಮಾಡಿ ಮಾಲು ಕಳಿಸಿದರೆ ಹೊಸ ದರವೇ. ಆರ್ಡರ್ ಬರೆದ ದಿನ ಯಾವುದು ಅಂತ ಯಾರೂ ಕೇಳುವುದಿಲ್ಲ. ಆ ಕೆಲಸ ಟ್ಯಾಲಿ ಮಾಡಿಕೊಳ್ಳಲಿ. ಫೋನಿನಿಂದ ಮೂರೇ ಸಂಗತಿ ಬರಲಿ: ಯಾವ ಅಂಗಡಿ, ಯಾವ ಐಟಂ, ಎಷ್ಟು.

ಇನ್ನೊಂದು. ಕೆಲವರು ಎಚ್‌ಎಸ್‌ಎನ್ ಕೋಡಿನ (ತೆರಿಗೆಗಾಗಿ ಸರಕನ್ನು ವಿಂಗಡಿಸುವ ಸಂಖ್ಯೆ) ಮೊದಲ ನಾಲ್ಕು ಅಂಕಿ ಹಿಡಿದು ಒಟ್ಟಿಗೆ ದರ ಬದಲಿಸಲು ಹೊರಟಿದ್ದಾರೆ. ಹಾಗೆ ಮಾಡಿದರೆ ಕೆಟ್ಟಿರಿ. 3401ರಲ್ಲಿ ಮೈಸೋಪೂ ಇದೆ, ಹ್ಯಾಂಡ್‌ವಾಶೂ ಇದೆ. ಮೈಸೋಪಿನ ಬಿಲ್ಲೆ 5ಕ್ಕೆ ಇಳಿಯಿತು, ಹ್ಯಾಂಡ್‌ವಾಶ್ 18ರಲ್ಲೇ ಉಳಿಯಿತು. 3305ರಲ್ಲಿ ಶಾಂಪೂ, ತಲೆ ಎಣ್ಣೆ 5, ಕೂದಲಿಗೆ ಹಚ್ಚುವ ಬಣ್ಣ 18. ಬಟ್ಟೆ ಒಗೆಯುವ ಪುಡಿ ಹಾಗೇ 18. ಐಟಂ ಐಟಂ ನೋಡಿಯೇ ಬದಲಿಸಬೇಕು. 640 ಅಂದರೆ ಒಂದು ಭಾನುವಾರದ ಕೆಲಸ.

ಟ್ಯಾಲಿ_ರತ್ನ · 7:40

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು. ನಮ್ಮಲ್ಲಿ ಒಬ್ಬರು ನಾಲ್ಕಂಕಿ ಹಿಡಿದು ಬದಲಿಸಿ ಆಮೇಲೆ ಎರಡು ದಿನ ಕೂತು ತಿದ್ದಿದರು.

ಆ ಆಫೀಸಿನ ಅಕ್ಕನ ಪರವಾಗಿ ನಾನು ಮಾತಾಡುತ್ತೇನೆ. ನಿಮ್ಮ ಆ್ಯಪ್‌ನಿಂದ ಆರ್ಡರ್‌ಗಳು ಎಕ್ಸೆಲ್ ಆಗಿ ಬಂದರೆ ಸಾಕು. ಟ್ಯಾಲಿಪ್ರೈಮ್‌ನ ಹೊಸ ಆವೃತ್ತಿಗಳಲ್ಲಿ ಎಕ್ಸೆಲ್ ನೇರ ಒಳಗೆ ತೆಗೆದುಕೊಳ್ಳಬಹುದು. ಹಳೆಯದಾದರೆ ಎಕ್ಸ್‌ಎಂಎಲ್ ಅನ್ನುವ ಬಗೆಯ ಫೈಲ್ ಮಾಡಿ. ಐಟಂ ಹೆಸರು ಮಾತ್ರ ಟ್ಯಾಲಿಯಲ್ಲಿ ಹೇಗಿದೆಯೋ ಅಕ್ಷರಶಃ ಹಾಗೇ ಇರಬೇಕು. ಒಂದು ಸ್ಪೇಸ್ ಜಾಸ್ತಿ ಇದ್ದರೂ ಬೇರೆ ಐಟಂ ಅಂತ ತಿಳಿಯುತ್ತದೆ.

ಲೈನ್_ಹುಡುಗ · 8:02

ಮೇಷ್ಟ್ರೇ, ರೇಟ್ ಬೇಡ ಅಂದರೆ ಹೇಗೆ? ಅಂಗಡಿಯವರು ಮೊದಲು ಕೇಳುವುದೇ ರೇಟು. ಈ ವಾರವಂತೂ ಯಾರೂ ಮಾಲು ಇಳಿಸಿಕೊಳ್ಳುತ್ತಿಲ್ಲ. "22 ಆದ್ಮೇಲೆ ಬಾರೋ" ಅಂತ ಕಳಿಸುತ್ತಿದ್ದಾರೆ. 22ಕ್ಕೆ ಎಲ್ಲರೂ ಒಟ್ಟಿಗೆ ಕೇಳುತ್ತಾರೆ, "ಹೊಸ ರೇಟ್ ಎಷ್ಟು, ಎಂಆರ್‌ಪಿ ಎಷ್ಟು, ನನಗೆ ಉಳಿಯುವುದೆಷ್ಟು".

ಲೆಕ್ಕದ_ಮೇಷ್ಟ್ರು · 8:20

ರೇಟ್ ತೋರಿಸಿ, ಬೇಡ ಅನ್ನಲಿಲ್ಲ. ಲೆಕ್ಕ ಹಾಕಬೇಡಿ ಅಂದೆ. ಆಫೀಸಿನಿಂದ ಬಂದ ಪಟ್ಟಿಯನ್ನು ಹಾಗೇ ತೋರಿಸಿ, ಮೇಲೆ ದೊಡ್ಡದಾಗಿ ತಾರೀಖು ಹಾಕಿ. "22 ಸೆಪ್ಟೆಂಬರ್ ಪಟ್ಟಿ" ಅಂತ. ಹಳೆಯ ಪಟ್ಟಿ ಫೋನಲ್ಲಿ ಉಳಿದುಕೊಂಡಿದ್ದರೆ ಸೇಲ್ಸ್‌ಮನ್ ಕಣ್ಣಿಗೆ ಬೀಳಬೇಕು.

ಗಂಜಿಮಠದ_ಗಣಿ · 8:31

ಅಂಗಡಿಯಲ್ಲಿರುವ ಹಳೆ ಸ್ಟಾಕ್ ಗತಿ? 18 ಕೊಟ್ಟು ತಂದದ್ದು, 5ಕ್ಕೆ ಮಾರಬೇಕಾ?

ಲೆಕ್ಕದ_ಮೇಷ್ಟ್ರು · 8:44

ನೋಂದಣಿ ಇದ್ದವರಿಗೆ ಕೊಂಡಾಗ ಕಟ್ಟಿದ 18ರ ಕ್ರೆಡಿಟ್ ಸಿಗುತ್ತದೆ, ಮುಂದಿನ ತೆರಿಗೆಗೆ ಹೊಂದಿಸಿಕೊಳ್ಳಬಹುದು. ರೀಫಂಡ್ ಅಂತ ಕೈಗೆ ಬರುವುದಿಲ್ಲ. ಕಾಂಪೊಸಿಷನ್‌ನಲ್ಲಿ (ವಹಿವಾಟಿನ ಮೇಲೆ ಸಣ್ಣ ದರದ ತೆರಿಗೆ ಕಟ್ಟುವ ಪದ್ಧತಿ) ಇರುವವರಿಗೆ, ನೋಂದಣಿಯೇ ಇಲ್ಲದ ಸಣ್ಣ ಅಂಗಡಿಗೆ ಆ ಕ್ರೆಡಿಟ್ ಇಲ್ಲ. ಅವರ ಸಂಕಟ ನಿಜ. ಅದಕ್ಕೇ ಮಾಲು ಇಳಿಸಿಕೊಳ್ಳುತ್ತಿಲ್ಲ.

ಪಿಕ್ಸೆಲ್_ಪದ್ಮ · 6 ಸೆಪ್ಟೆಂಬರ್, ಮಧ್ಯಾಹ್ನ 12:10

ನಾನು ಡಿಸೈನ್ ಕಡೆಯವಳು. ಮೊದಲು ಪ್ಲೇ ಸ್ಟೋರ್ ಆಸೆ ಬಿಟ್ಟುಬಿಡಿ. ಹೊಸ ವೈಯಕ್ತಿಕ ಡೆವಲಪರ್ ಖಾತೆಯಾದರೆ 12 ಜನ ಪರೀಕ್ಷಕರು 14 ದಿನ ಬಿಡದೆ ಬಳಸಿದ ಮೇಲೆ ಪ್ರಕಟಣೆಗೆ ಅರ್ಜಿ. ನಿಮ್ಮ ಹತ್ತಿರ ಇರುವುದು 16 ದಿನ, ಸೇಲ್ಸ್‌ಮನ್ 11. ಮಾವನನ್ನು ಸೇರಿಸಿದರೆ 12 ಆಯಿತು, ಅದು ಬೇರೆ ಮಾತು. ಬ್ರೌಸರ್‌ನಲ್ಲಿ ತೆರೆದು ಹೋಮ್ ಸ್ಕ್ರೀನ್‌ಗೆ ಸೇರಿಸಿಕೊಳ್ಳುವಂಥ ವೆಬ್ ಆ್ಯಪ್ ಮಾಡಿ. ತಪ್ಪಾದರೆ ರಾತ್ರಿ ತಿದ್ದಿ ಬೆಳಿಗ್ಗೆ ಎಲ್ಲರಿಗೂ ಹೊಸದು.

ಈಗ ಕನ್ನಡದ ವಿಷಯ. ಬಟನ್ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಅಳೆದು ಮಾಡಿದರೆ ಒತ್ತಕ್ಷರ ಕೆಳಗೆ ಕತ್ತರಿಸಿಹೋಗುತ್ತದೆ. ನಾನೇ ಒಮ್ಮೆ ಮಾಡಿದ್ದೆ. "ಕೊಬ್ಬರಿ ಎಣ್ಣೆ" ಅಂತ ಇದ್ದದ್ದು ಫೋನಿನಲ್ಲಿ "ಕೊಬರಿ ಎಣೆ" ಆಗಿತ್ತು. ಸಾಲಿನ ಎತ್ತರ ಜಾಸ್ತಿ ಕೊಡಿ. ಬಟನ್ 48 ಡಿಪಿಗಿಂತ (ಡಿಪಿ ಅಂದರೆ ಫೋನ್ ಸ್ಕ್ರೀನಿನ ಅಳತೆ) ಕಡಿಮೆ ಬೇಡ. ಅಂಕಿಗಳು ಮಾತ್ರ 1, 2, 3 ಹೀಗೇ ಇರಲಿ, ಕನ್ನಡ ಅಂಕಿ ಹಾಕಿ ಪ್ರಯೋಗ ಮಾಡಬೇಡಿ.

ಅಚ್ಚಗನ್ನಡ_ಅಪ್ಪು · 12:25

ಕನ್ನಡ ಅಂಕಿ ಯಾಕೆ ಬೇಡ? ಬಸ್ಸಿನ ನಂಬರ್ ಓದುವುದಿಲ್ಲವೇ ಜನ?

ಪಿಕ್ಸೆಲ್_ಪದ್ಮ · 12:28

ಓದುತ್ತಾರೆ. ಆದರೆ ಫೋನಿನ ಕೀಲಿಮಣೆಯಲ್ಲಿ ಒತ್ತುವುದು 1, 2, 3. ಒತ್ತಿದ್ದು ಒಂದು, ಕಾಣುವುದು ಒಂದು ಆದರೆ ಮನುಷ್ಯ ತಡಬಡಾಯಿಸುತ್ತಾನೆ. ಅಂಗಡಿ ಕಟ್ಟೆಯಲ್ಲಿ ಅದಕ್ಕೆ ಪುರುಸೊತ್ತಿಲ್ಲ.

ಅಚ್ಚಗನ್ನಡ_ಅಪ್ಪು · 12:40

ಹೀಗೇ ಬಿಡುತ್ತಾ ಹೋದರೆ ಮುಂದೆ ಅಕ್ಷರವನ್ನೂ ಬಿಡುತ್ತೀರಿ. ಇರಲಿ.

ಹಳೇ_ನುಡಿ · 12:55

ಐಟಂ ಹೆಸರು ಕನ್ನಡದಲ್ಲಿ ಯಾರು ಬರೆಯುತ್ತಾರೆ? ಯಾರಾದರೂ "ನಮ್ಮ ಹತ್ತಿರ ಕನ್ನಡ ಪಟ್ಟಿ ಇದೆ" ಅಂತ ಕೊಟ್ಟರೆ ಮೊದಲು ತೆರೆದು ನೋಡಿ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಹೊಡೆದ ಫೈಲ್ ಆಗಿದ್ದರೆ ಅದು ಎಲ್ಲ ಕಡೆ ಒಂದೇ ಥರ ಕಾಣುವ ಯುನಿಕೋಡ್ ಅಲ್ಲ. ಬೇರೆ ಕಡೆ ಹಾಕಿದ ತಕ್ಷಣ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಪರಿವರ್ತಕದಲ್ಲಿ ಹಾಕಿ ಬದಲಿಸಿಕೊಳ್ಳಬಹುದು, ಆದರೆ ಅರ್ಕಾವತ್ತು ಇರುವ ಕಡೆ ಕಣ್ಣಿಟ್ಟು ಓದಿ.

ಶರಾವತಿ_ಕೋಡರ್ · 6 ಸೆಪ್ಟೆಂಬರ್, ಸಂಜೆ 5:50

ಹಳೇ ನುಡಿಯವರೇ, ನಿಮ್ಮ ಬಾಯಿಗೆ ಸಕ್ಕರೆ. ಮಾವ ಕೊಟ್ಟ ಪಟ್ಟಿ ಅದೇ ಚಿತ್ರಾನ್ನ. ಈಗಷ್ಟೇ ತೆರೆದೆ.

ಸರಿ, ಇಲ್ಲಿವರೆಗಿನ ನಿರ್ಧಾರ: ವೆಬ್ ಆ್ಯಪ್. ಆರ್ಡರ್ ಮಾತ್ರ. ನೆಟ್‌ವರ್ಕ್ ಇಲ್ಲದಾಗ ಫೋನಿನಲ್ಲೇ ಉಳಿದು, ಸಿಕ್ಕಾಗ ಹೋಗಬೇಕು. ಪ್ರಿಂಟ್, ಟಾರ್ಗೆಟ್, ವಸೂಲಿ ಎಲ್ಲ ದೀಪಾವಳಿ ಆದಮೇಲೆ. ಜಿಪಿಎಸ್ ಬಗ್ಗೆ ಮಾವ ಪಟ್ಟು ಬಿಡುತ್ತಿಲ್ಲ.

ಲೈನ್_ಹುಡುಗ · 6:04

ಜಿಪಿಎಸ್ ಹಾಕಿದ ದಿನ ನಿಮ್ಮ ಆ್ಯಪ್ ಸತ್ತ ಹಾಗೆ. ಮಧ್ಯಾಹ್ನ ಮನೆಗೆ ಹೋಗಿ ಊಟ ಮಾಡಿ ಬಂದರೆ "ಎರಡು ಗಂಟೆ ಎಲ್ಲಿದ್ದೆ" ಅಂತ ಫೋನ್. ಬ್ಯಾಟರಿ ಬೇರೆ ಖಾಲಿ.

ರೆಡಿಮೇಡ್_ರಾಯ · 6:15

ಮಾಲೀಕರ ಕಡೆಯಿಂದಲೂ ನೋಡಬೇಕಲ್ಲ. ಲೈನಿಗೆ ಹೋಗದೆ ಮನೆಯಿಂದ ಫೋನ್ ಮಾಡಿ ಆರ್ಡರ್ ಬರೆಯುವವರು ಇಲ್ಲವೇ?

ಲೈನ್_ಹುಡುಗ · 6:17

ಇದ್ದಾರೆ. ಅಂಗಡಿಯವರನ್ನು ಕೇಳಿದರೆ ಒಂದೇ ವಾರದಲ್ಲಿ ಗೊತ್ತಾಗುತ್ತೆ. ಅದಕ್ಕೆ ಉಪಗ್ರಹ ಬೇಕಾ?

ಕೋರ್ಟ್_ಕಟ್ಟೆ · 6:30

2023ರ ಡೇಟಾ ಸಂರಕ್ಷಣೆ ಕಾಯ್ದೆ ಇದೆ. ಹೇಳದೆ ಕೇಳದೆ ಜಾಡು ಹಿಡಿಯುವ ಮೊದಲು ಅದನ್ನು ನೋಡಿ.

ಲೆಕ್ಕದ_ಮೇಷ್ಟ್ರು · 6:38

ಕಾಯ್ದೆ ಇದೆ, ನಿಯಮಗಳು ಈ 2025ರ ಸೆಪ್ಟೆಂಬರ್ ಮೊದಲ ವಾರದವರೆಗೆ ಹೊರಬಂದಿಲ್ಲ. ಕಾನೂನು ಬಿಡಿ, 22ರೊಳಗೆ ಜಿಪಿಎಸ್‌ನಿಂದ ಒಂದು ಆರ್ಡರ್ ಕೂಡ ಬೇಗ ಬರುವುದಿಲ್ಲ. ಮಾವನಿಗೆ ಹಾಗೆ ಹೇಳಿ ನೋಡಿ.

ಹಿನ್ನೀರು · 6 ಸೆಪ್ಟೆಂಬರ್, ರಾತ್ರಿ 9:12

ನಮ್ಮೂರು ತುಮರಿ ಕಡೆ, ಶರಾವತಿ ಹಿನ್ನೀರಿನ ಆಚೆ ದಡ. ನಿಮ್ಮ ಹುಡುಗರು ಇಲ್ಲಿಗೂ ಬರುತ್ತಾರೆ ಅಂದುಕೊಂಡೆ. ಮುಂಚೆ ಲಾಂಚ್ ಕಾದು ದಾಟಬೇಕಿತ್ತು, ಲೈನ್‌ನವರು ಬಂದರೆ ಅರ್ಧ ದಿನ ಹೋಯಿತು. ಜುಲೈನಲ್ಲಿ ಸಿಗಂದೂರು ಸೇತುವೆ ಆದಮೇಲೆ ಬೆಳಿಗ್ಗೆ ಬಂದು ಮಧ್ಯಾಹ್ನಕ್ಕೆ ವಾಪಸ್. ಸೇತುವೆ ಬಂತು, ನೆಟ್‌ವರ್ಕ್ ಬರಲಿಲ್ಲ. ಆ ದಿನ ಪೂರ್ತಿ ಫೋನು ಬರೀ ಟಾರ್ಚು. ಅದನ್ನು ತಲೆಯಲ್ಲಿ ಇಟ್ಟುಕೊಂಡು ಮಾಡಿ.

ಬೆಣ್ಣೆದೋಸೆ_ಬಾಯ್ · 9:20

ಲಾಂಚ್ ಇನ್ನೂ ಓಡುತ್ತಿದೆಯಾ? ಹುಡುಗಿದ್ದಾಗ ಬಸ್ಸೇ ಅದರ ಮೇಲೆ ಹತ್ತುತ್ತಿದ್ದುದನ್ನು ನೋಡಿ ಬಾಯಿ ಬಿಟ್ಟಿದ್ದೆ.

ಹಿನ್ನೀರು · 9:31

ಸೇತುವೆ ಮೇಲೆ ಸೆಲ್ಫಿ ತೆಗೆಯುವವರ ಕಾಟವೇ ಈಗ ಜಾಸ್ತಿ. ವಿಷಯ ಬದಲಿಸಬೇಡಿ.

ಬ್ಯಾಕೆಂಡ್_ಬಸವ · 6 ಸೆಪ್ಟೆಂಬರ್, ರಾತ್ರಿ 11:48

ನೆಟ್‌ವರ್ಕ್ ಇಲ್ಲದ ಆ್ಯಪ್ ಮಾಡಿ ಪೆಟ್ಟು ತಿಂದವನು ನಾನು. ಎರಡು ಅನುಭವ.

ಮೊದಲನೆಯದು, ಡಬಲ್ ಆರ್ಡರ್. ಸೇಲ್ಸ್‌ಮನ್ "ಕಳಿಸು" ಒತ್ತುತ್ತಾನೆ. ಒಂದು ಗೆರೆ ಸಿಗ್ನಲ್. ಆರ್ಡರ್ ಸರ್ವರ್‌ಗೆ ತಲುಪಿದೆ, "ತಲುಪಿತು" ಅನ್ನುವ ಉತ್ತರ ವಾಪಸ್ ಬಂದಿಲ್ಲ. ಇವನು ಮತ್ತೆ ಒತ್ತುತ್ತಾನೆ. ಮರುದಿನ ಅಂಗಡಿಗೆ ಎರಡು ಪಟ್ಟು ಬಿಸ್ಕತ್ತು. ಇದಕ್ಕೆ ಮದ್ದು ಸುಲಭ: ಆರ್ಡರ್‌ನ ಗುರುತಿನ ಸಂಖ್ಯೆ ಫೋನಿನಲ್ಲೇ ಹುಟ್ಟಬೇಕು, ಸರ್ವರ್‌ನಲ್ಲಿ ಅಲ್ಲ. ಅದೇ ಸಂಖ್ಯೆ ಹತ್ತು ಸಲ ಬಂದರೂ ಸರ್ವರ್ ಒಂದೇ ಆರ್ಡರ್ ಅಂತ ತಿಳಿಯುತ್ತದೆ. ಕಟ್ಟುವಾಗಲೇ ಹಾಕಿ. ಆಮೇಲೆ ಸೇರಿಸುತ್ತೇನೆ ಅಂದರೆ ಸೇರಿಸುವುದಿಲ್ಲ.

ಎರಡನೆಯದು, ಮಾಯವಾದ ಆರ್ಡರ್. ಇವರ ಫೋನೆಲ್ಲ ವಾಟ್ಸಾಪ್ ವಿಡಿಯೋದಿಂದ ಭರ್ತಿ. ಜಾಗ ಕಡಿಮೆಯಾದಾಗ ಬ್ರೌಸರ್ ತಾನೇ ಇಟ್ಟುಕೊಂಡಿದ್ದನ್ನು ಅಳಿಸಿಬಿಡಬಹುದು. ಅಳಿಸಬೇಡ ಅಂತ ಬ್ರೌಸರ್‌ಗೆ ಅನುಮತಿ ಕೇಳುವ ದಾರಿ ಇದೆ, ಅದನ್ನು ಬಳಸಿ. ಆದರೆ ಮನುಷ್ಯನೇ ಅಳಿಸಿದರೆ ಅದಕ್ಕೆ ಮದ್ದಿಲ್ಲ. ನಮ್ಮಲ್ಲಿ ಒಬ್ಬ ಫೋನ್ ನಿಧಾನ ಆಯಿತು ಅಂತ ಕ್ಲೀನರ್ ಆ್ಯಪ್ ಹಾಕಿದ್ದ. ಒಂದು ಗುಂಡಿ ಒತ್ತಿದ, 31 ಅಂಗಡಿಯ ಆರ್ಡರ್ ಸ್ವಾಹಾ. ಪಾಪ, ಮರುದಿನ ಅಷ್ಟೂ ಅಂಗಡಿಗೆ ಮತ್ತೆ ಹೋದ.

ಶರಾವತಿ_ಕೋಡರ್ · 7 ಸೆಪ್ಟೆಂಬರ್, ಬೆಳಿಗ್ಗೆ 6:30

31! ಅದಕ್ಕೆ ಪರಿಹಾರ ಏನು ಮಾಡಿದಿರಿ?

ಬ್ಯಾಕೆಂಡ್_ಬಸವ · 8:10

ನಾಚಿಕೆ ಇಲ್ಲದ ಪರಿಹಾರ. ಆರ್ಡರ್ ಮುಗಿದ ತಕ್ಷಣ ಅದನ್ನು ಅಕ್ಷರ ರೂಪದಲ್ಲಿ ವಾಟ್ಸಾಪ್‌ಗೆ ಕಳಿಸುವ ಬಟನ್. ವಾಟ್ಸಾಪ್ ತಾನೇ ಸರದಿಯಲ್ಲಿ ಇಟ್ಟುಕೊಂಡು ಸಿಗ್ನಲ್ ಸಿಕ್ಕಾಗ ಕಳಿಸುತ್ತದೆ. ವಾಟ್ಸಾಪನ್ನು ಯಾರೂ ಅಳಿಸುವುದಿಲ್ಲ.

ಪಿಕ್ಸೆಲ್_ಪದ್ಮ · 8:25

ಇದಕ್ಕೆ ನಾನು ಚಪ್ಪಾಳೆ ತಟ್ಟುತ್ತೇನೆ.

ಮಿಂಚು_ಪ್ರಿಂಟರ್ · 8:50

ಮಾವನ ಪ್ರಿಂಟ್ ಆಸೆ ಬಗ್ಗೆ: ಬ್ಲೂಟೂತ್‌ನ ಸಣ್ಣ ಥರ್ಮಲ್ ಪ್ರಿಂಟರ್‌ಗೆ ಕನ್ನಡ ಅಕ್ಷರವೇ ಗೊತ್ತಿಲ್ಲ. ಇಡೀ ಬಿಲ್ಲನ್ನು ಚಿತ್ರವಾಗಿ ಮಾಡಿ ಕಳಿಸಬೇಕು. 58 ಮಿಮೀ ಕಾಗದಕ್ಕೆ ಅಡ್ಡಕ್ಕೆ 384 ಚುಕ್ಕಿ, ಅಷ್ಟರಲ್ಲಿ ಒತ್ತಕ್ಷರ ಕಾಣುವ ಹಾಗೆ ಮಾಡಲು ನನಗೆ ಎರಡು ವಾರ ಹಿಡಿಯಿತು. ಈಗ ಕೈ ಹಾಕಬೇಡಿ.

ಸ್ಮಾರ್ಟ್_ಸುರೇಶ · 9:30

ಇಷ್ಟೆಲ್ಲ ಯಾಕೆ? ಗೂಗಲ್ ಫಾರ್ಮ್ ಮಾಡಿ, ಒಂದು ಗಂಟೆ ಕೆಲಸ.

ಲೈನ್_ಹುಡುಗ · 9:34

640 ಐಟಂನ ಫಾರ್ಮಾ? ಕೆಳಗೆ ತಲುಪುವ ಹೊತ್ತಿಗೆ ಅಂಗಡಿ ಬಾಗಿಲು ಹಾಕಿರುತ್ತಾರೆ.

ಸ್ಮಾರ್ಟ್_ಸುರೇಶ · 9:36

ಸುಮ್ನೆ ಹೇಳಿದೆ ಅಷ್ಟೇ.

ಶರಾವತಿ_ಕೋಡರ್ · 14 ಸೆಪ್ಟೆಂಬರ್, ರಾತ್ರಿ 8:15

ವಾರ ಪೂರ್ತಿ ಮುಖ ತೋರಿಸಲಿಲ್ಲ, ಕ್ಷಮಿಸಿ. ಇವತ್ತು ಭಾನುವಾರ, ನಮ್ಮ ಹಿರಿಯ ಸೇಲ್ಸ್‌ಮನ್ ಜೊತೆ ಹೊಸನಗರ ಮತ್ತು ನಗರ ಅನ್ನುವ ಊರಿನ ಕಡೆ ಲೈನ್ ಹೋಗಿ ಬಂದೆ. ಅವರು 27 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದಾರೆ. ಮಾಡಿಟ್ಟ ಆ್ಯಪ್‌ನ ಅರ್ಧ ಇವತ್ತೇ ಕಸಕ್ಕೆ ಹೋಯಿತು.

ನಾನು ಮಾಡಿದ್ದು ಹೀಗಿತ್ತು: ಕಂಪನಿ ಆರಿಸಿ, ವಿಭಾಗ ಆರಿಸಿ, ಐಟಂ ಆರಿಸಿ. ಅಂಗಡಿಯಲ್ಲಿ ಆದದ್ದು ಹೀಗೆ. ಅಂಗಡಿಯವರು ನಮ್ಮ ಕಡೆ ಬೆನ್ನು ಹಾಕಿ ಶೆಲ್ಫ್ ನೋಡುತ್ತಾ ಹೇಳುತ್ತಾ ಹೋಗುತ್ತಾರೆ: "ಹತ್ತರದ್ದು ಬಿಸ್ಕತ್ತು ಒಂದು ಕೇಸ್, ಐದರದ್ದು ಎರಡು, ಎರಡು ರೂಪಾಯಿ ಶಾಂಪೂ ಆರು ಸ್ಟ್ರಿಪ್, ಕೆಂಪು ಸೋಪು ಒಂದು ಡಜನ್, ಆ ದೊಡ್ಡ ಪೇಸ್ಟ್ ಖಾಲಿ ಆಗಿದೆ ನೋಡು." ಒಂದು ಕಂಪನಿಯಿಂದ ಇನ್ನೊಂದಕ್ಕೆ ಹಾರುತ್ತಾರೆ. ಬ್ರ್ಯಾಂಡ್ ಹೆಸರು ಹೇಳುವುದೇ ಕಮ್ಮಿ. ಹೇಳುವುದೆಲ್ಲ ಬೆಲೆ ಮತ್ತು ಬಣ್ಣ. ಹಿರಿಯರು ಬುಕ್‌ನಲ್ಲಿ "ಬಿ10, ಬಿ5, ಶಾಂ2" ಅಂತ ಗೀಚುತ್ತಾರೆ. ನಾನು ಮೂರನೇ ಐಟಂ ಹುಡುಕುತ್ತಿರುವಾಗ ಅವರು ಹನ್ನೊಂದನೆಯದು ಬರೆಯುತ್ತಿದ್ದರು.

ಈಗ ಮಜಾ ನೋಡಿ. 18ರಿಂದ 5ಕ್ಕೆ ಇಳಿದರೆ, ಪೂರ್ತಿ ಲಾಭ ದಾಟಿಸಿದ ಹತ್ತು ರೂಪಾಯಿ ಪ್ಯಾಕು 8 ರೂಪಾಯಿ 90 ಪೈಸೆ. ಐದರದ್ದು 4.45. ಎರಡು ರೂಪಾಯಿ ಶಾಂಪೂ 1.78. "ಹತ್ತರದ್ದು" ಅನ್ನುವ ಹೆಸರೇ ಹೋಗುತ್ತದೆ! "ಇನ್ಮೇಲೆ ಏನಂತ ಕರೀತೀರಿ?" ಎಂದು ಕೇಳಿದೆ. "ಹತ್ತರದ್ದು ಅಂತಾನೇ. ಬೆಲೆ ಇಳಿದ್ರೆ ಹೆಸ್ರು ಯಾಕೆ ಬದಲಾಗುತ್ತೆ?" ಎಂದರು ಹಿರಿಯರು.

ಪಿಕ್ಸೆಲ್_ಪದ್ಮ · 8:32

ಇದು ಚಿನ್ನ. ಐಟಂನ ಕರೆಯುವ ಹೆಸರು ಬೇರೆ, ಟ್ಯಾಲಿ ಹೆಸರು ಬೇರೆ ಇಡಿ. ಬಟನ್ ಮೇಲೆ "ಬಿಸ್ಕತ್ತು ಹತ್ತರದ್ದು" ಅಂತಲೇ ಇರಲಿ, ಕೆಳಗೆ ಸಣ್ಣದಾಗಿ ಈಗಿನ ಎಂಆರ್‌ಪಿ. ಹುಡುಕುವ ಜಾಗದಲ್ಲಿ "ಬಿ10" ಅಂತ ಹೊಡೆದರೂ ಸಿಗಬೇಕು. ಅವರ ಗೀಚುವ ಭಾಷೆಯೇ ನಿಮ್ಮ ಕೋಡ್.

ಟ್ಯಾಲಿ_ರತ್ನ · 8:45

ಜೊತೆಗೆ ಗೋಡೌನ್‌ನಲ್ಲಿ ಸ್ವಲ್ಪ ದಿನ ಎರಡೂ ಎಂಆರ್‌ಪಿ ಮಾಲು ಇರುತ್ತದೆ, ಹಳೆಯದು, ಹೊಸದು. ಸೇಲ್ಸ್‌ಮನ್ ಅದನ್ನು ಆರಿಸುವ ಹಾಗೆ ಮಾಡಬೇಡಿ. ಯಾವುದು ಕೊಡಬೇಕು ಅಂತ ಗೋಡೌನ್ ನೋಡಿಕೊಳ್ಳಲಿ.

ಬ್ಯಾಕೆಂಡ್_ಬಸವ · 9:02

ಅಂಗಡಿ ತೆರೆದ ಕೂಡಲೇ ಆ ಅಂಗಡಿಯವರು ಹಿಂದಿನ ನಾಲ್ಕು ಸಲ ತೆಗೆದುಕೊಂಡ ಐಟಂಗಳು ಮೇಲೆ ಬರಲಿ. ಕಿರಾಣಿ ಅಂಗಡಿ ಪ್ರತಿ ವಾರ ಹೆಚ್ಚುಕಮ್ಮಿ ಅದನ್ನೇ ತರಿಸುತ್ತದೆ. ಹುಡುಕುವ ಕೆಲಸವೇ ಉಳಿಯುವುದಿಲ್ಲ. ಟ್ಯಾಲಿಯಿಂದ ಹಳೆ ಬಿಲ್ ಎಕ್ಸೆಲ್‌ಗೆ ತೆಗೆದರೆ ಸಾಕು.

ಶರಾವತಿ_ಕೋಡರ್ · 9:15

ಇದನ್ನು ಇವತ್ತೇ ರಾತ್ರಿ ಮಾಡುತ್ತೇನೆ. ಇನ್ನೆರಡು ಸಂಗತಿ. ಒಂದು, ಮಳೆ. ಒದ್ದೆ ಬೆರಳಿಗೆ ಸ್ಕ್ರೀನ್ ಮಾತು ಕೇಳುವುದಿಲ್ಲ. ಹಿರಿಯರು ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ರಬ್ಬರ್ ಬ್ಯಾಂಡ್ ಸುತ್ತಿದ್ದರು. ಅದರ ಮೇಲೆ ಒತ್ತಿದರೂ ಗೊತ್ತಾಗಬೇಕೆಂದರೆ ಬಟನ್ ಇನ್ನೂ ದೊಡ್ಡದಾಗಬೇಕು. ಎರಡು, ಒಂದು ಅಂಗಡಿಯಲ್ಲಿ ನಾನು ಫೋನ್ ತೆಗೆದ ತಕ್ಷಣ ಯಜಮಾನರ ಮುಖ ಬಿಗಿಯಿತು. "ಇದೆಲ್ಲ ಜಿಎಸ್‌ಟಿಯವರಿಗೆ ಹೋಗುತ್ತಾ?" ಎಂದರು.

ಗಂಜಿಮಠದ_ಗಣಿ · 9:22

ಕೇಳದೆ ಇರುತ್ತಾರಾ? ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿ, ಬೇಕರಿಯವರಿಗೆಲ್ಲ ನೋಟಿಸ್ ಬಂತು. ಎಷ್ಟೋ ಕಡೆ ಕ್ಯೂಆರ್ ಕೋಡ್ ಕಿತ್ತು "ಕ್ಯಾಶ್ ಮಾತ್ರ" ಅಂತ ಬೋರ್ಡ್ ಹಾಕಿದರು. ನಮ್ಮ ಬೀದಿಯ ಎಳನೀರಿನವನೂ ಹಾಕಿದ್ದ.

ಲೆಕ್ಕದ_ಮೇಷ್ಟ್ರು · 9:40

ಎಳನೀರಿಗೆ ಜಿಎಸ್‌ಟಿಯೇ ಇಲ್ಲ, ಅವನಿಗೆ ಯಾರಾದರೂ ಹೇಳಿ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ವಹಿವಾಟು ದಾಟಿದರೆ ನೋಂದಣಿ. ವಹಿವಾಟು ಅಂದರೆ ಲಾಭ ಅಲ್ಲ. ಅಲ್ಲೇ ಜನ ಎಡವಿದ್ದು.

ಕೋರ್ಟ್_ಕಟ್ಟೆ · 9:47

ತರಕಾರಿ, ಹಾಲು ಮಾರುವವರಿಗೂ ನೋಟಿಸ್ ಕೊಟ್ಟು ಆಮೇಲೆ...

ಹಿನ್ನೀರು · 9:50

ಅದಕ್ಕೆ ಬೇರೆ ಎಳೆ ಶುರು ಮಾಡಿ ಸ್ವಾಮಿ. ಇಲ್ಲಿ ಒಬ್ಬ ಅಳಿಯ ಮುಳುಗುತ್ತಿದ್ದಾನೆ.

ಲೈನ್_ಹುಡುಗ · 9:58

ಅಂಗಡಿಯವರ ಭಯಕ್ಕೆ ಒಂದೇ ಮದ್ದು. ಫೋನ್ ಅವರ ಕಡೆ ತಿರುಗಿಸಿ ತೋರಿಸಬೇಕು. ಬರೆದದ್ದು ಬರೀ ಬಿಸ್ಕತ್ತು, ಸೋಪು ಅಂತ ಕಣ್ಣಿಗೆ ಕಂಡರೆ ಸುಮ್ಮನಾಗುತ್ತಾರೆ. ಹಾಗಾಗಿ ಕೊನೆಯ ಪುಟ ದೊಡ್ಡ ಅಕ್ಷರದಲ್ಲಿ ಇರಲಿ.

ಶರಾವತಿ_ಕೋಡರ್ · 20 ಸೆಪ್ಟೆಂಬರ್, ಮಧ್ಯರಾತ್ರಿ 1:10

ಇವತ್ತು ಐದು ಜನರಿಗೆ ಕೊಟ್ಟು ನೋಡಿದೆ. ಒಂದು ಅನಾಹುತ ಸ್ವಲ್ಪದರಲ್ಲಿ ತಪ್ಪಿತು. ಒಬ್ಬ ಹುಡುಗ 12 ಶಾಂಪೂ ಸ್ಟ್ರಿಪ್ ಹಾಕಲು ಹೋಗಿ 12 ಕೇಸ್ ಹಾಕಿದ್ದಾನೆ. ಟ್ಯಾಲಿ ಒಪ್ಪಿಕೊಂಡಿತು, ಬಿಲ್ ಆಯಿತು. ಹಿಡಿದದ್ದು ಗೋಡೌನ್‌ನಲ್ಲಿ ಮಾಲು ಹೊರುವ ಅಣ್ಣ. "ಆ ಅಂಗ್ಡಿ ಒಳಗೆ ನಾನು ನಿಲ್ಲೋಕೇ ಜಾಗ ಇಲ್ಲ, 12 ಕೇಸ್ ಎಲ್ಲಿಡ್ತಾರೆ?" ಎಂದು ಬಂದು ಕೇಳಿದರಂತೆ.

ಪಿಕ್ಸೆಲ್_ಪದ್ಮ · 6:40

ಘಟಕಕ್ಕೆ ಪಟ್ಟಿಯಿಂದ ಆರಿಸುವ ಡಬ್ಬ ಇಟ್ಟಿದ್ದೀರಾ? ತೆಗೆದುಹಾಕಿ. "ಕೇಸ್" ಒಂದು ಬಟನ್, "ಪೀಸ್/ಸ್ಟ್ರಿಪ್" ಒಂದು ಬಟನ್, ಬಣ್ಣ ಬೇರೆ ಬೇರೆ, ಜಾಗ ಬೇರೆ ಬೇರೆ. ಯಾವುದೂ ಮೊದಲೇ ಒತ್ತಿರಬಾರದು.

ಬ್ಯಾಕೆಂಡ್_ಬಸವ · 7:05

ಆ ಅಂಗಡಿ ಮಾಮೂಲಿಯಾಗಿ ತೆಗೆದುಕೊಳ್ಳುವುದಕ್ಕಿಂತ ಐದು ಪಟ್ಟು ಜಾಸ್ತಿ ಇದ್ದರೆ "ನಿಜವಾಗ್ಲೂ 12 ಕೇಸಾ?" ಅಂತ ಕೇಳಲಿ. ಅಪರೂಪಕ್ಕೆ ಮಾತ್ರ ಕೇಳಬೇಕು. ಪ್ರತಿ ಸಲ ಕೇಳಿದರೆ ಓದದೆ "ಹೌದು" ಒತ್ತುತ್ತಾರೆ.

ರೆಡಿಮೇಡ್_ರಾಯ · 7:30

ಇದಕ್ಕೇ ಹೇಳಿದ್ದು ದುಡ್ಡು ಕೊಟ್ಟು ತಗೊಳ್ಳಿ ಅಂತ.

ಲೈನ್_ಹುಡುಗ · 7:33

ದುಡ್ಡು ಕೊಟ್ಟ ಆ್ಯಪ್‌ನಲ್ಲಿ ನಾನೇ 10 ಕೇಸ್ ಹ್ಯಾಂಡ್‌ವಾಶ್ ಕಳಿಸಿದ್ದೇನೆ ಸರ್. ಮೂರು ತಿಂಗಳು ಅಂಗಡಿಯವರು ಮಾತಾಡಿಸಲಿಲ್ಲ.

ಶರಾವತಿ_ಕೋಡರ್ · 23 ಸೆಪ್ಟೆಂಬರ್, ರಾತ್ರಿ 9:05

ವರದಿ ಒಪ್ಪಿಸುತ್ತೇನೆ. ನಿನ್ನೆ ನವರಾತ್ರಿ ಮೊದಲ ದಿನ, ಹೊಸ ದರದ ಮೊದಲ ದಿನ, ಆ್ಯಪ್‌ನ ಮೊದಲ ದಿನ. ಬೆಳಿಗ್ಗೆ ಐದಕ್ಕೆ ಎದ್ದು ಕೂತಿದ್ದೆ, ಗಂಟಲಲ್ಲಿ ಕಾಫಿ ಇಳಿಯಲಿಲ್ಲ.

11 ಜನರಲ್ಲಿ ಎಂಟು ಜನ ದಿನ ಪೂರ್ತಿ ಬಳಸಿದರು. ಮೂರು ಜನ ಮಧ್ಯಾಹ್ನಕ್ಕೆ ಬುಕ್‌ಗೆ ವಾಪಸ್. ಅದರಲ್ಲಿ ಒಬ್ಬನ ಫೋನ್ ತೀರಾ ಹಳೆಯದು, ಆ್ಯಪ್ ತೆರೆಯಲು ಒಂಬತ್ತು ಸೆಕೆಂಡ್. ಇನ್ನಿಬ್ಬರಿಗೆ ಸುಮ್ನೆ ಇಷ್ಟವಾಗಲಿಲ್ಲ. ತುಮರಿ ಲೈನ್‌ನ ಆರ್ಡರ್ ಪೂರ್ತಿ ಸಂಜೆ ಸೇತುವೆ ದಾಟಿದ ಮೇಲೆ ಒಟ್ಟಿಗೆ ಬಂದಿಳಿಯಿತು, ಒಂದೂ ಡಬಲ್ ಆಗಿರಲಿಲ್ಲ. ಬಸವಣ್ಣಂಗೆ ದೊಡ್ಡ ನಮಸ್ಕಾರ. ಎರಡು ಅಂಗಡಿಗೆ ಹಳೆ ಪಟ್ಟಿಯ ರೇಟ್ ಹೇಳಿ ಬಂದಿದ್ದರು, ಬೆಳಿಗ್ಗೆ ಪಟ್ಟಿ ಇಳಿಸಿಕೊಳ್ಳದೆ ಹೊರಟ ಕಾರಣ. ತಾರೀಖು ದೊಡ್ಡದಾಗಿ ಇತ್ತು, ಆದರೂ ನೋಡಿಲ್ಲ. ನಾಳೆಯಿಂದ ಹಳೆ ಪಟ್ಟಿ ಇದ್ದರೆ ಇಡೀ ಪುಟ ಹಳದಿ.

ಅಕ್ಕ ನಿನ್ನೆ ಏಳು ಹತ್ತಕ್ಕೆ ಕಂಪ್ಯೂಟರ್ ಮುಚ್ಚಿದರು. ಇವತ್ತು ಆರೂಮುಕ್ಕಾಲಿಗೆ.

ಟ್ಯಾಲಿ_ರತ್ನ · 9:11

ನನಗೆ ಕಣ್ಣಲ್ಲಿ ನೀರು ಬಂತು. ನಿಜವಾಗ್ಲೂ.

ಬೆಣ್ಣೆದೋಸೆ_ಬಾಯ್ · 9:14

ಮಾವ ಏನಂದರು?

ಶರಾವತಿ_ಕೋಡರ್ · 9:20

"ಚೆನ್ನಾಗಿದೆ. ವಸೂಲಿ ಯಾವಾಗ?"

ಲೈನ್_ಹುಡುಗ · 9:26

ಜಿಪಿಎಸ್ ಬರಲಿಲ್ಲವಲ್ಲ, ಸದ್ಯ. ಅಂದಹಾಗೆ ಆ 27 ವರ್ಷದ ಹಿರಿಯರು? ಬುಕ್ ಬಿಟ್ಟರಾ?

ಶರಾವತಿ_ಕೋಡರ್ · 9:34

ಎಂಟು ಜನರಲ್ಲಿ ಅವರೂ ಒಬ್ಬರು. ಎಲ್ಲರಿಗಿಂತ ಬೇಗ ಹೊಡೆಯುವವರೂ ಅವರೇ. ಆದರೆ ಅಂಗಡಿಯಿಂದ ಹೊರಗೆ ಬಂದು, ಬೈಕಿನ ಮೇಲೆ ಕೂತು, ಅದೇ ಆರ್ಡರನ್ನು ಬುಕ್‌ನಲ್ಲೂ ಬರೆಯುತ್ತಾರೆ. ಯಾಕೆ ಅಂತ ಕೇಳಿದೆ. "ಫೋನಲ್ಲಿರೋದು ನಿಮ್ಮ ಮಾವಂಗೆ ತಮ್ಮಾ, ಇದು ನಂಗೆ" ಎಂದು ಬುಕ್ಕನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕಿಕ್ ಹೊಡೆದರು.